ಒಂದೇ ಟೀಮಲ್ಲಿ ಆಡುವ ಇಬ್ಬರಿಗೆ ಎರಡು ನ್ಯಾಯ ಯಾಕೆ?

ಮಲ್ಲೇಶ್ವರಂ ಚಿಕ್ಕಮ್ಮ:
ನಮ್ಮಕ್ಕನ ಮಗಳು ಟೆನಿಸ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕದಲ್ಲಿ ಓದುತ್ತಿದ್ದಾಳೆ. ಮೊನ್ನೆ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದೆ, ಅಲ್ಲಿ ಆಗಲೇ ರಾತ್ರಿ. ಮ್ಯಾಚ್ ಮುಗಿಸಿ ಬಸ್ಸಲ್ಲಿ ವಾಪಸ್ ಬರುತ್ತಿದ್ದಳು, ಮೊಣಕಾಲಿಗೆ ಐಸ್ ಚೀಲ ಕಟ್ಟಿಕೊಂಡು, ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಅಸೈನ್‌ಮೆಂಟ್ ಬರೆಯುತ್ತಿದ್ದಳು. ಅವಳ ಜೊತೆ ಆಡುವ ಅಲ್ಲಿಯದೇ ಹುಡುಗಿಗೆ ಒಂದು ಅಂಗಡಿಯವರು ಜಾಹೀರಾತಿಗೆ ದುಡ್ಡು ಕೊಟ್ಟಿದ್ದಾರೆ. ಇವಳನ್ನೂ ಕೇಳಿದರಂತೆ. "ನಂದು ಎಫ್-1, ಅಂದ್ರೆ ಸ್ಟೂಡೆಂಟ್ ವೀಸಾ ಚಿಕ್ಕಮ್ಮ, ಒಪ್ಕೊಂಡ್ರೆ ವೀಸಾನೇ ಹೋಗತ್ತೆ" ಅಂದಳು. ಇದು ಅನ್ಯಾಯ ಅಲ್ವಾ? ಏನಾದರೂ ದಾರಿ ಇದೆಯಾ?

ಡಲ್ಲಾಸ್ ಕನ್ನಡಿಗ:
ಅನ್ಯಾಯವೇ. ಅಲ್ಲಿಯವರಿಗೂ ಈ ದುಡ್ಡು ಸಿಕ್ಕಿದ್ದು 2021ರ ಜುಲೈಯಿಂದ ಮಾತ್ರ. ಅದಕ್ಕೂ ಮುಂಚೆ ಆಟಗಾರರು ತಮ್ಮ ಹೆಸರಲ್ಲಿ ಜಾಹೀರಾತು ಮಾಡಿ ಕಾಸು ತಗೊಂಡರೆ ಆಡೋಕೇ ಬಿಡುತ್ತಿರಲಿಲ್ಲ. 2014ರಲ್ಲಿ ಕನೆಕ್ಟಿಕಟ್ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಕಪ್ ಗೆಲ್ಲಿಸಿದ ಶಬಾಜ್ ನೇಪಿಯರ್, ಎಷ್ಟೋ ರಾತ್ರಿ ಹಸಿದುಕೊಂಡೇ ಮಲಗಿದ್ದೇನೆ ಅಂತ ಹೇಳಿದ್ದರು. ಅವರ ಹೆಸರಿನ ಜರ್ಸಿ ಹಾಕಿಕೊಂಡು ಜನ ಕುಣಿಯುತ್ತಿದ್ದ ಹೊತ್ತಲ್ಲಿ! ಈಗ ಒಂದೊಂದು ಕಾಲೇಜು ವರ್ಷಕ್ಕೆ ಸುಮಾರು 2 ಕೋಟಿ ಡಾಲರ್‌ವರೆಗೆ ಆಟಗಾರರಿಗೆ ನೇರವಾಗಿ ಹಂಚಬಹುದು. ಆದರೆ ಅದರಲ್ಲಿ ಜಾಸ್ತಿ ಪಾಲು ಅಮೆರಿಕನ್ ಫುಟ್‌ಬಾಲಿಗೆ, ಗಂಡುಮಕ್ಕಳ ಬ್ಯಾಸ್ಕೆಟ್‌ಬಾಲಿಗೆ. ಟೆನಿಸ್ ಆಡುವ ಹೆಣ್ಣುಮಕ್ಕಳ ಹತ್ತಿರ ಬರುವಷ್ಟರಲ್ಲಿ ಪಾತ್ರೆ ಖಾಲಿ.

ಹಳೇ ಓಟಗಾರ:
ನನಗೆ ಸಿಟ್ಟು ಬರೋದು ಅಲ್ಲಿ ಕಾಲೇಜು ಆಟಗಾರರನ್ನು ಕರೆಯೋ 'ಸ್ಟೂಡೆಂಟ್-ಅಥ್ಲೀಟ್' ಅನ್ನೋ ಪದದ ಮೇಲೆ. ಅಂದರೆ ವಿದ್ಯಾರ್ಥಿ, ಕೆಲಸಗಾರ ಅಲ್ಲ ಅಂತ. 1955ರಲ್ಲಿ ಕೊಲರಾಡೋದ ಕಾಲೇಜೊಂದಕ್ಕೆ ಫುಟ್‌ಬಾಲ್ ಆಡುವಾಗ ರೇ ಡೆನಿಸನ್ ಎಂಬುವವರು ತಲೆಗೆ ಪೆಟ್ಟಾಗಿ ತೀರಿಕೊಂಡರು. ಹೆಂಡತಿ ಪರಿಹಾರ ಕೇಳಿ ಕೋರ್ಟಿಗೆ ಹೋದರು. ಡೆನಿಸನ್ ಕಾಲೇಜಿನ ಕೆಲಸಗಾರ ಅಲ್ಲ ಅಂತ ಕೋರ್ಟ್ ಅರ್ಜಿ ತಳ್ಳಿಹಾಕಿತು. ಇಂಥ ಪರಿಹಾರ ಕೊಡಬೇಕಾದೀತು ಅನ್ನೋ ಭಯದಲ್ಲೇ ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಆ ಪದವನ್ನು ಬಳಕೆಗೆ ತಂದದ್ದು. ವಾರಕ್ಕೆ 20 ಗಂಟೆಗಿಂತ ಜಾಸ್ತಿ ಆಡಿಸಬಾರದು ಅಂತ ನಿಯಮ ಬೇರೆ ಇದೆ. ಆದರೆ ಮ್ಯಾಚ್ ಇರುವ ದಿನ ಎಷ್ಟೇ ಹೊತ್ತಾದರೂ ಲೆಕ್ಕಕ್ಕೆ ಬರೋದು ಮೂರೇ ಗಂಟೆ. ನಿಮ್ಮ ಮಗಳು ಬಸ್ಸಲ್ಲಿ ಕೂತ ಹೊತ್ತು ಲೆಕ್ಕಕ್ಕೇ ಇಲ್ಲ.

ಡಲ್ಲಾಸ್ ಕನ್ನಡಿಗ:
ದಾರಿ ಕೇಳಿದ್ರಲ್ಲ, ಮರೆತೆ. ಎಫ್-1 ಇರುವವರು ಅಮೆರಿಕದ ನೆಲದ ಮೇಲೆ ಜಾಹೀರಾತಿನ ಕೆಲಸ ಮಾಡಿದರೆ ತೊಂದರೆ. ಕಾಂಗೋದಿಂದ ಬಂದಿದ್ದ ಕೆಂಟಕಿ ತಂಡದ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲೇ ಆ ಕೆಲಸಗಳನ್ನೆಲ್ಲ ಮುಗಿಸಿಕೊಂಡರು. ಅವಳು ರಜೆಗೆ ಊರಿಗೆ ಬಂದಾಗ ಶೂಟಿಂಗ್ ಮಾಡಬಹುದೇನೋ. ಆದರೆ ಸುಮ್ನೆ ನನ್ನ ಮಾತು ನಂಬಿ ಸಹಿ ಹಾಕೋದು ಬೇಡ. ಮೊದಲು ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ, ಆಮೇಲೆ ವೀಸಾ ವಕೀಲರ ಹತ್ತಿರ ಕೇಳಲಿ.

ಮಲ್ಲೇಶ್ವರಂ ಚಿಕ್ಕಮ್ಮ:
ತುಂಬಾ ಥ್ಯಾಂಕ್ಸ್. ಮೇ ತಿಂಗಳಲ್ಲಿ ಬರ್ತಾಳೆ. ಅಂಗಡಿಯವರು ಅಲ್ಲೀವರೆಗೆ ಕಾಯ್ತಾರಾ ಕೇಳು ಅಂತ ಈಗಷ್ಟೇ ಮೆಸೇಜ್ ಹಾಕಿದೆ. ಮೊಣಕಾಲು ಹೇಗಿದೆ ಅಂತಾನೂ ಕೇಳಿದ್ದೀನಿ.