ಸಾಧಾರಣ ಆಟಗಾರ ದೊಡ್ಡ ಕೋಚ್ ಆಗೋದು ಹೇಗೆ?

ಶಿರಸಿ ಕೀಪರ್:
ಅಮೆರಿಕದಲ್ಲಿರುವ ಅಕ್ಕನ ಮಗನ ದೆಸೆಯಿಂದ ನನಗೂ ಬೇಸ್‌ಬಾಲ್ ಹುಚ್ಚು ಹಿಡಿದಿದೆ. ಅಲ್ಲಿ ರಾತ್ರಿ ಪಂದ್ಯ ಅಂದರೆ ನಮಗೆ ಬೆಳಗಿನ ಚಹಾದ ಹೊತ್ತು. ಬ್ರೂಸ್ ಬೋಚಿ ಅಂತ ಒಬ್ಬರಿದ್ದಾರೆ. ಆಟಗಾರನಾಗಿ 9 ಸೀಸನ್‌ನಲ್ಲಿ ಆಡಿದ್ದು ಬರೀ 358 ಪಂದ್ಯ. ಅಲ್ಲಿ ಒಂದು ತಂಡಕ್ಕೆ ವರ್ಷಕ್ಕೇ 162 ಪಂದ್ಯ ಇರುತ್ತವೆ! ಅಂದ್ರೆ ಜಾಸ್ತಿ ಕಾಲ ಬೆಂಚೇ ಗತಿ. ಅಂಥವರು ಮ್ಯಾನೇಜರ್ (ಅಲ್ಲಿ ಮುಖ್ಯ ಕೋಚ್‌ಗೆ ಹೀಗಂತಾರೆ) ಆಗಿ 4 ವರ್ಲ್ಡ್ ಸೀರೀಸ್, ಅಂದ್ರೆ ಅಲ್ಲಿನ ವರ್ಷದ ಫೈನಲ್, ಗೆದ್ದರು. ಹೇಗೆ?

ಸುಮ್ನೆ ಕೇಳ್ತಿಲ್ಲ. ನಾನು ಟೆನಿಸ್ ಬಾಲ್ ಟೂರ್ನಮೆಂಟ್‌ಗಳಲ್ಲಿ ಕೀಪಿಂಗ್ ಮಾಡಿಕೊಂಡಿದ್ದವನು. ಈಗ ಮಂಡಿ ಕೈಕೊಟ್ಟಿದೆ. ಹುಡುಗರು ‘ನೀವೇ ಹೇಳಿಕೊಡಿ ಅಣ್ಣ’ ಅಂತ ಬೆನ್ನು ಬಿದ್ದಿದ್ದಾರೆ. ಒಪ್ಪಲಾ?

ಕುಮಟಾ ಮಾಸ್ತರ:
ಒಪ್ಪಿ ಮಾರಾಯ್ರೆ. ಬೋಚಿ ಕ್ಯಾಚರ್, ಅಂದ್ರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು ಆಗಿದ್ದರು, ನಿಮ್ಮ ಜಾತಿಯವರೇ! ಮೈದಾನದಲ್ಲಿ ಉಳಿದ ಎಂಟೂ ಜನ ಬ್ಯಾಟರ್ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಕ್ಯಾಚರ್ ಒಬ್ಬ ಮಾತ್ರ ಕುಕ್ಕರಗಾಲಲ್ಲಿ ಕೂತು ಆ ಎಂಟೂ ಜನರನ್ನು ನೋಡುತ್ತಿರುತ್ತಾನೆ. ಚೆಂಡೆಸೆಯುವ ಪಿಚರ್‌ಗೆ ಯಾವ ಎಸೆತ ಅಂತ ತೊಡೆಗಳ ನಡುವೆ ಬೆರಳಿಟ್ಟು ಸನ್ನೆ ಮಾಡುತ್ತಿದ್ದವನೂ ಅವನೇ. ಪಿಚರ್ ದಣಿದರೆ ಚೆಂಡು ಮೆಲ್ಲಗೆ ಮೇಲೇರತೊಡಗುತ್ತದೆ. ಅದು ಮೊದಲು ಗೊತ್ತಾಗೋದು ಕ್ಯಾಚರ್‌ನ ಕೈಗೆ.

ಬೆಂಚೂ ಶಾಲೆಯೇ. ನಾನು ವಾಲಿಬಾಲ್ ಹೇಳಿಕೊಡುವವನು. ಒಮ್ಮೆ ಬೆಂಚಲ್ಲಿದ್ದ ಹುಡುಗನೊಬ್ಬ ‘ಸರ್, ಆ ಉದ್ದದವನು ಮೆಲ್ಲಗೆ ತಟ್ಟೋ ಮುಂಚೆ ನೆಟ್ ಆಚೆ ಇಣುಕ್ತಾನೆ’ ಅಂದ. ಆಡುತ್ತಿದ್ದ ಆರು ಜನರಲ್ಲಿ ಒಬ್ಬರಿಗೂ ಅದು ಕಂಡಿರಲಿಲ್ಲ.

ಆದ್ರೆ ಬೋಚಿ ರಾತ್ರೋರಾತ್ರಿ ಮೇಲೆ ಬಂದವರಲ್ಲ. 1989ರಲ್ಲಿ ಸ್ಪೋಕೇನ್ ಅನ್ನೋ ಊರಿನ ಕೆಳದರ್ಜೆ ಲೀಗ್‌ನ ತಂಡದಿಂದ ಶುರು ಮಾಡಿದರು. 1993ರಲ್ಲಿ ಸ್ಯಾನ್ ಡಿಯಾಗೋ ಪ್ಯಾಡ್ರೆಸ್‌ಗೆ ಥರ್ಡ್ ಬೇಸ್ ಕೋಚ್ (ಮೂರನೇ ಬೇಸ್ ಬಳಿ ನಿಂತು ಓಡುವವರಿಗೆ ಸನ್ನೆ ಮಾಡುವ ಸಹಾಯಕ), 1995ಕ್ಕೆ ಅದೇ ತಂಡಕ್ಕೆ ಮ್ಯಾನೇಜರ್. ಮೊದಲ ವರ್ಲ್ಡ್ ಸೀರೀಸ್ ಸಿಕ್ಕಿದ್ದು 2010ಕ್ಕೆ, ಅದೂ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ಜೊತೆ. ಆಮೇಲೆ 2012, 2014. 2023ರಲ್ಲಿ ಟೆಕ್ಸಸ್ ರೇಂಜರ್ಸ್‌ಗೆ ಹೋದ ಮೊದಲ ವರ್ಷವೇ ಮತ್ತೊಂದು.

ಕೋಡಿಬಾಗ ಕಡಲು:
ಮಾಸ್ತರ, ಸ್ವಲ್ಪ ತಡೀರಿ. ಬೆಂಚು ಕಾದವರೆಲ್ಲ ಬೋಚಿ ಆಗ್ತಾರಾ? ಜೋ ಟೋರ್ರೆ ನೋಡಿ. 1971ರಲ್ಲಿ ನ್ಯಾಷನಲ್ ಲೀಗ್‌ನ (ಅಲ್ಲಿನ ಎರಡು ದೊಡ್ಡ ಬೇಸ್‌ಬಾಲ್ ಲೀಗ್‌ಗಳಲ್ಲಿ ಒಂದು) ಅತ್ಯುತ್ತಮ ಆಟಗಾರ. ಹಾಗಿದ್ದೂ ಮ್ಯಾನೇಜರ್ ಆದ ಮೇಲೆ ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್ ಮೂರೂ ತಂಡದವರು ಮನೆಗೆ ಕಳಿಸಿದರು. ಆಮೇಲೆ ಯಾಂಕೀಸ್ ಜೊತೆ 1996, 1998, 1999, 2000ರಲ್ಲಿ ವರ್ಲ್ಡ್ ಸೀರೀಸ್ ಗೆದ್ದರು. ಚೆನ್ನಾಗಿ ಆಡಿದ್ದು ಅಡ್ಡಿಯೂ ಅಲ್ಲ, ಅರ್ಹತೆಯೂ ಅಲ್ಲ.

ಕುಮಟಾ ಮಾಸ್ತರ:
ಟೋರ್ರೆ ಕೂಡ ಬಹಳ ವರ್ಷ ಕ್ಯಾಚರ್ ಆಗಿದ್ದವರು, ಗೊತ್ತಲ್ವಾ? 😀

ಕೋಡಿಬಾಗ ಕಡಲು:
ಸರಿ, ಸೋತೆ. ಕೀಪರ್ ಅವರೇ, ಇನ್ನೊಂದು ವಿಷಯ. ಅಲ್ಲಿ ಮ್ಯಾನೇಜರ್‌ಗೂ ಆಟಗಾರರ ಥರವೇ ಯೂನಿಫಾರ್ಮ್, ಬೆನ್ನ ಮೇಲೆ ನಂಬರ್. ಬೋಚಿಯವರದು 15.

ಶಿರಸಿ ಕೀಪರ್:
ಹಳೇ ಜೆರ್ಸಿ ಈಗ ಹೊಟ್ಟೆ ಮೇಲೇ ನಿಲ್ಲುತ್ತೆ. ಇರಲಿ, ಭಾನುವಾರ ಹೋಗ್ತೇನೆ. ಮೊದಲ ದಿನ ಏನು ಹೇಳಿಕೊಡಲಿ ಮಾಸ್ತರ?

ಕುಮಟಾ ಮಾಸ್ತರ:
ಏನೂ ಬೇಡ. ಕೀಪರ್ ಹಿಂದೆ ಒಂದು ಕುರ್ಚಿ ಹಾಕಿಸಿಕೊಂಡು ಕೂತು ನೋಡಿ. ಯಾರು ಯಾವ ಚೆಂಡಿಗೆ ಹೆದರುತ್ತಾರೆ ಅಂತ ಬರೆದಿಟ್ಟುಕೊಳ್ಳಿ.