ಸಹಾಯ ಬೇಕು: ಎರೆಹುಳ ಮ್ಯಾಲಿನ ಸೆಗಣಿ ತಿಂತಾವ, ಕೆಳಗಿನ ಬೆಂಡು ಮುಟ್ಟವಲ್ಲವು

ಎಲ್ಲಾರಿಗೂ ನಮಸ್ಕಾರ್ರೀ. ಹಾವೇರಿ ಹತ್ರ, ನೆರಳಿನ್ಯಾಗ 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಎತ್ತರದ ಎರೆಗೊಬ್ಬರದ ತೊಟ್ಟಿ ಐತಿ. ಬುಡಕ್ಕ ಗೋವಿನಜೋಳದ ಬೆಂಡು (ಕಾಳು ಬಿಡಿಸಿದ ತೆನಿ), ದಂಟು. ಮ್ಯಾಲೆ ಹಳೇ ಸೆಗಣಿ. ಹುಳ ಐಸೀನಿಯಾ ಫೆಟಿಡಾ.

ಎರೆಹುಳಕ್ಕ ಹಲ್ಲಿಲ್ಲ. ಸೂಕ್ಷ್ಮಜೀವಿಗಳು ಕೊಳೆಸಿ ಮೆತ್ತಗ ಮಾಡಿದ್ದನ್ನ, ಆ ಜೀವಿಗಳ ಸಮೇತ ನುಂಗತಾವ. ಅದಕ್ಕ ಬೆಂಡು ಕುಟ್ಟಿ, ಸೆಗಣಿ ರಾಡಿಯೊಳಗ ನೆನೆಸಿ, ಬಿಸಿ ಪೂರಾ ಇಳಿದ ಮ್ಯಾಲೇ ಹುಳ ಬಿಟ್ಟದ್ದು. ಹಿಂಡಿದ್ರ ಒಂದೆರಡು ಹನಿ ಬೀಳೋವಷ್ಟು ತೇವ ಐತಿ, ಕೆಟ್ಟ ವಾಸನಿ ಇಲ್ಲ, ಇರುವಿ ಇಲ್ಲ. ಮ್ಯಾಲಿನ 4 ಇಂಚು ಚಾಪುಡಿ ಹಂಗ ಉದುರುದುರು ಗೊಬ್ಬರ ಆಗೇತಿ. ಕೆಳಗಿನ ಬೆಂಡಿನ ತುಂಡು ಮುರಿದು ನೋಡಿದ್ರ ಹೊರಗ ಕಪ್ಪು, ಒಳಗ ಇನ್ನೂ ಬಿಳಿ, ಗಟ್ಟಿ. ಕೈಯಿಂದ ತಿರುವಿ ಗಾಳಿ ಆಡಿಸಿದ್ರೂ ಹುಳ ಅಲ್ಲಿಗೆ ಇಳೀವಲ್ಲವು.

ಬೆಂಡು ಕೊಳೆಸೋ ಸೂಕ್ಷ್ಮಜೀವಿಗಳಿಗೆ ಸಾರಜನಕ ಸಾಲವಲ್ದು ಅನ್ನಸ್ತದ. ಆದ್ರ ಸಾರಜನಕ ಸಿಗಲಿ ಅಂತ ತೊಟ್ಟಿಗೇ ಹಸಿ ಗೊಬ್ಬರಗಿಡದ (ಗ್ಲಿರಿಸಿಡಿಯಾ) ಸೊಪ್ಪು ತುಂಬಿದ್ರ ಮತ್ತ ಕಾಯತೈತಿ. 35 ಡಿಗ್ರಿ ದಾಟಿದ್ರ ಹುಳ ಉಳಿಯೂದಿಲ್ಲ. ಗಂಜಲ ಹೆಚ್ಚಾದ್ರ ಅಮೋನಿಯಾ ಕಾಟ. ಇಲ್ಲೇ ತಲಿ ಓಡವಲ್ದು.

ಬೆಂಡು ಹೊರಗ ತಗದು, ಸೊಪ್ಪಿನ ಜೋಡಿ ಬ್ಯಾರೇ ಗುಂಪಿ ಹಾಕಿ ಕೊಳೆಸಬೇಕೋ, ಇಲ್ಲಾ ತೊಟ್ಟಿಯೊಳಗ ಒಂದ ಮೂಲ್ಯಾಗ ತೆಳ್ಳಗ ಸೊಪ್ಪು ಹಾಕ್ಕೋತ ಹೋದ್ರ ಸಾಕೋ? 100 ಕಿಲೋ ಬೆಂಡಿಗೆ ಹಸಿ ಸೊಪ್ಪು ಎಷ್ಟು ಹಿಡೀಬೇಕು? ಬೆಂಡಿನ ಮ್ಯಾಲೇ ಗೊಬ್ಬರ ಮಾಡಿದವ್ರು ದಯವಿಟ್ಟು ಹೇಳ್ರಿ.