‘ನಮಗೂ ಚೀನಾದ ಕಾನೂನು ಬೇಕು’: ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದ ವಾದ

ಶ್ರೀಪಾದ: (ವಿಡಿಯೊ) ಎಲ್ಲರೂ ಕೊನೆಯವರೆಗೆ ನೋಡಿ. ಚೀನಾ 1980ರಲ್ಲಿ ಮನೆಗೊಂದೇ ಮಗು ಎಂದು ಕಟ್ಟುನಿಟ್ಟು ಮಾಡಿತು. 40 ಕೋಟಿ ಜನನ ತಪ್ಪಿಸಿತು. ಇಂದು ಎಲ್ಲಿಗೆ ಮುಟ್ಟಿದೆ ನೋಡಿ. ನಾವು 2023ರಲ್ಲಿ ಅವರನ್ನು ಹಿಂದೆ ಹಾಕಿದ್ದು ತಲೆಯೆಣಿಕೆಯಲ್ಲಿ ಮಾತ್ರ. ನಮಗೂ ಅಂಥ ಕಾನೂನು ಬೇಕೇ ಬೇಕು.

ಮಂಜು: ಮಾವ, ಈಗ ಅದೇ ಸರ್ಕಾರ ಮಕ್ಕಳನ್ನು ಹೆತ್ತರೆ ಹಣ ಕೊಡುತ್ತಿದೆ. 2025ರಿಂದ ಮೂರು ವರ್ಷದೊಳಗಿನ ಪ್ರತಿ ಮಗುವಿಗೆ ವರ್ಷಕ್ಕೆ 3,600 ಯುವಾನ್. ಅಷ್ಟು ಒಳ್ಳೆಯ ಕಾನೂನಾಗಿದ್ದರೆ ಈಗ ಈ ಪಾಡೇಕೆ?

ಶ್ರೀಪಾದ: ಇಂದಿನದು ಬೇರೆ ಮಾತು. ಆ ಕಾಲಕ್ಕೆ ಅದು ಅನಿವಾರ್ಯವಾಗಿತ್ತು. 1959ರಿಂದ 61ರವರೆಗಿನ ಕ್ಷಾಮದಲ್ಲಿ ಕೋಟ್ಯಂತರ ಜನ ಸತ್ತ ದೇಶ ಅದು. ಹೊಟ್ಟೆಗಿಲ್ಲದವನ ಮುಂದೆ ಹಕ್ಕಿನ ಮಾತಾಡಿ ಏನು ಪ್ರಯೋಜನ?

ವೀಣಾ: ಚಿಕ್ಕಪ್ಪ, ಆ ಕ್ಷಾಮ ಜನ ಹೆಚ್ಚಾಗಿ ಬಂದದ್ದಲ್ಲ. ಮಾವೊನ ‘ಮಹಾ ಜಿಗಿತ’ ಎಂಬ ದಿಢೀರ್ ಅಭಿವೃದ್ಧಿ ಅಭಿಯಾನದ ಕಾಲದಲ್ಲಿ ಹಳ್ಳಿಗಳ ಧಾನ್ಯವನ್ನು ಸರ್ಕಾರವೇ ಹೊತ್ತೊಯ್ದಿತ್ತು. ಇರಲಿ, ವಿಡಿಯೊದ ಮುಖ್ಯ ಲೆಕ್ಕಕ್ಕೇ ಬರುತ್ತೇನೆ. ಚೀನಾದಲ್ಲಿ 1970ರಲ್ಲಿ ಒಬ್ಬ ಮಹಿಳೆಗೆ ಸರಾಸರಿ 5.8 ಮಕ್ಕಳು. 1979ರ ಹೊತ್ತಿಗೆ ಅದು 2.8ಕ್ಕೆ ಬಂದಿತ್ತು. ಕಮ್ಯುನಿಸ್ಟ್ ಪಕ್ಷದ ಸದಸ್ಯರಿಗೆ ‘ಒಂದೇ ಮಗು ಸಾಕು’ ಎಂಬ ಬಹಿರಂಗ ಪತ್ರ ಹೊರಟದ್ದು 1980ರ ಸೆಪ್ಟೆಂಬರ್ 25ರಂದು. ಅಂದರೆ ದೊಡ್ಡ ಇಳಿಕೆಯೆಲ್ಲ ಮುಗಿದ ಮೇಲೆ. ಅದಕ್ಕೂ ಮೊದಲು ನಡೆದಿದ್ದದ್ದು ‘ತಡವಾಗಿ ಮದುವೆ, ಹೆರಿಗೆಗಳ ನಡುವೆ ಅಂತರ, ಕಡಿಮೆ ಮಕ್ಕಳು’ ಎಂಬ ಪ್ರಚಾರ. ಅದರಲ್ಲೂ ಒತ್ತಾಯವಿತ್ತು, ಇಲ್ಲವೆನ್ನುವುದಿಲ್ಲ. ಆದರೆ 40 ಕೋಟಿ ಎಂಬ ಲೆಕ್ಕ ಆ ಹತ್ತು ವರ್ಷಗಳ ಇಳಿಕೆಯನ್ನೂ ಒಂದೇ ಮಗುವಿನ ಕಾನೂನಿನ ಖಾತೆಗೆ ಜಮಾ ಮಾಡಿಕೊಂಡಿದೆ. ನೀವು ಬ್ಯಾಂಕಿನಲ್ಲಿದ್ದವರು, ಇಂಥ ಜಮಾವನ್ನು ಒಪ್ಪುತ್ತಿದ್ದಿರೇ?

ಶ್ರೀಪಾದ: ಸರ್ಕಾರದ ಅಂಕಿ ಅದು, ನಾನು ಕಟ್ಟಿದ್ದಲ್ಲ. ಅಲ್ಲಿನ ವಿಜ್ಞಾನಿಗಳು ಕಂಪ್ಯೂಟರ್‌ನಲ್ಲಿ ನೂರು ವರ್ಷದ ಲೆಕ್ಕ ಹಾಕಿಯೇ ಈ ತೀರ್ಮಾನಕ್ಕೆ ಬಂದರು ಎಂದು ವಿಡಿಯೊದಲ್ಲಿದೆ.

ವೀಣಾ: ಹಾಕಿದ್ದು ನಿಜ. ಆ ಲೆಕ್ಕದ ಮುಂದಾಳು ಸಾಂಗ್ ಜಿಯಾನ್, ಕ್ಷಿಪಣಿಗಳ ನಿಯಂತ್ರಣ ವಿಜ್ಞಾನದಲ್ಲಿ ಪಳಗಿದವರು. ಕ್ಷಿಪಣಿಯ ದಾರಿಯನ್ನು ತಿದ್ದುವ ಗಣಿತವನ್ನೇ ಅವರು ಹೆರಿಗೆಗೂ ಹಚ್ಚಿದರು. ಹಳ್ಳಿಯ ರೈತನಿಗೆ ಪಿಂಚಣಿ ಇಲ್ಲ, ಮುಪ್ಪಿಗೆ ಮಗನೇ ಆಸರೆ, ಮಗಳು ಮದುವೆಯಾಗಿ ಹೊರಟುಹೋಗುತ್ತಾಳೆ ಎಂಬುದು ಆ ಸಮೀಕರಣದಲ್ಲಿ ಎಲ್ಲಿ ಬರಬೇಕು?

ಸುಧಾ: ಶ್ರೀಪಾದ, ನಿನಗೆ ನೆನಪಿಲ್ಲವೇ? ತುರ್ತು ಪರಿಸ್ಥಿತಿಯಲ್ಲಿ ಅಪ್ಪನಂಥ ಶಾಲೆಯ ಮೇಷ್ಟ್ರಿಗೂ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಇಷ್ಟು ‘ಕೇಸು’ ತರಬೇಕೆಂದು ಗುರಿ ಕೊಟ್ಟಿದ್ದರು. ಅಪ್ಪ ಊರವರ ಮುಖ ನೋಡಲಾರದೆ ಹಿತ್ತಿಲ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರು.

ಶ್ರೀಪಾದ: ನೆನಪಿದೆ ಅಕ್ಕ. ಅದು ಕೆಳಗಿನ ಅಧಿಕಾರಿಗಳ ಅತಿರೇಕ.

ವೀಣಾ: ಮೇಲಿನಿಂದ ಗುರಿ ಬಂದರೆ ಕೆಳಗೆ ಆಗುವುದು ಅದೇ ಚಿಕ್ಕಪ್ಪ. ಚೀನಾದಲ್ಲಿ 1983 ಒಂದೇ ವರ್ಷದಲ್ಲಿ ಸುಮಾರು 2 ಕೋಟಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು, ಮುಕ್ಕಾಲು ಪಾಲಿಗಿಂತ ಹೆಚ್ಚು ಹೆಂಗಸರಿಗೆ. ವಿಶ್ವಸಂಸ್ಥೆಯ ಮೊದಲ ಜನಸಂಖ್ಯಾ ಪ್ರಶಸ್ತಿಯನ್ನು ಅದೇ ವರ್ಷ ಹಂಚಿಕೊಂಡವರು ಯಾರು ಗೊತ್ತೇ? ಆ ಅಭಿಯಾನ ನಡೆಸಿದ ಚಿಯಾನ್ ಶಿನ್‌ಝೊಂಗ್ ಮತ್ತು ನಮ್ಮ ಇಂದಿರಾ ಗಾಂಧಿ.

ನಾನು ವುಹಾನ್‌ನಲ್ಲಿ ಎಂಬಿಬಿಎಸ್ ಓದುವಾಗ ಸ್ತ್ರೀರೋಗ ವಿಭಾಗಕ್ಕೆ ಒಬ್ಬ ಹೆಂಗಸು ಬಂದಿದ್ದರು. ಮುಟ್ಟು ನಿಂತು ವರ್ಷಗಳಾಗಿದ್ದವು, ಹೊಟ್ಟೆನೋವು. ಎಕ್ಸ್‌ರೇ ಹಿಡಿದು ನೋಡಿದರೆ ಕಿಬ್ಬೊಟ್ಟೆಯ ನಡುವೆ ಬೆಳ್ಳಗೆ ಒಂದು ಪುಟ್ಟ ಬಳೆ. ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಹಾಕುವ, ಸ್ಟೀಲ್ ತಂತಿಯನ್ನು ಸುರುಳಿ ಸುತ್ತಿ ಮಾಡಿದ ವಂಕಿ ಅದು. ಮೊದಲ ಹೆರಿಗೆಯಾಗಿ ಕೆಲವೇ ತಿಂಗಳಿಗೆ ಹಾಕಿದ್ದರಂತೆ. ನಮ್ಮ ಕಾಪರ್ ಟಿಗೆ ಇರುವ ದಾರ ಅದಕ್ಕಿಲ್ಲ, ಆದ್ದರಿಂದ ಸುಲಭವಾಗಿ ತೆಗೆಸಿಕೊಳ್ಳುವಂತಿಲ್ಲ. ಅದು ಇನ್ನೂ ಒಳಗಿದೆಯೇ ಎಂದು ಆಗಾಗ ಕರೆಸಿ ನೋಡುತ್ತಿದ್ದರು. ಗರ್ಭಕೋಶ ಕುಗ್ಗಿ ಬಳೆ ಮಾಂಸದೊಳಗೆ ಹೂತಿತ್ತು, ಕೊಕ್ಕೆ ಹಾಕಿ ತೆಗೆಯುವಾಗ ಆಕೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. ಕಾನೂನು ಎಂದಾಗಲೆಲ್ಲ ನನಗೆ ಕಾಣುವುದು ಆ ಬಳೆ. ಒಂದೇ ಮಗುವಿನ ನಿಯಮ ಮುಗಿದ ಮೇಲೆ ಉಚಿತವಾಗಿ ತೆಗೆದುಕೊಡುತ್ತೇವೆ ಎಂದು ಸರ್ಕಾರ ಸಾರಿತು. ಆಗ 1.8 ಕೋಟಿ ಮಹಿಳೆಯರು ಅದಕ್ಕೆ ಅರ್ಹರು ಎಂದು ಅದೇ ಹೇಳಿತ್ತು.

ಸುಧಾ: ಓದಿ ಕೈಕಾಲು ತಣ್ಣಗಾಯಿತು. ಆದರೂ ಒಂದು ಮಾತು ವೀಣಾ. ಊಟ, ಓದು, ಎಲ್ಲವನ್ನೂ ಮೊದಲು ಗಂಡುಮಗನಿಗೆ ಬಡಿಸುವ ಮನೆಗಳಲ್ಲಿ, ಮಗಳೊಬ್ಬಳೇ ಎಂದಾದರೆ ಅವಳಿಗೇ ಎಲ್ಲ ಸಿಕ್ಕಿರಬೇಕಲ್ಲವೇ?

ವೀಣಾ: ಸಿಕ್ಕಿತು ಅತ್ತೆ, ನಗರಗಳಲ್ಲಿ. ನನಗೆ ಪಾಠ ಹೇಳಿದ ವೈದ್ಯೆಯರಲ್ಲಿ ಕಿರಿಯರು ಬಹುಪಾಲು ಒಬ್ಬಳೇ ಮಗಳಾಗಿ ಬೆಳೆದವರು. ಪಾಲು ಕೇಳಲು ತಮ್ಮನಿರಲಿಲ್ಲ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಹಳ್ಳಿಯಲ್ಲಿ ಏನಾಯಿತು? ರೈತರ ಸಿಟ್ಟಿಗೆ ಬಗ್ಗಿ 1984ರಿಂದಾಚೆ ಬಹುತೇಕ ಪ್ರಾಂತ್ಯಗಳು ಹಳ್ಳಿಗರಿಗೆ, ಮೊದಲನೆಯದು ಹೆಣ್ಣಾದರೆ ಮಾತ್ರ ಇನ್ನೊಂದಕ್ಕೆ ಅನುಮತಿ ಕೊಟ್ಟವು. ಹೆಣ್ಣು ಹುಟ್ಟಿದ್ದು ಸಾಲದು ಎಂದು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡಂತಾಯಿತು. ಎರಡನೆಯದೂ ಹೆಣ್ಣೆಂದು ಸ್ಕ್ಯಾನಿಂಗ್‌ನಲ್ಲಿ ತಿಳಿದರೆ ಗರ್ಭಪಾತ. 2004ರಲ್ಲಿ ಅಲ್ಲಿ 100 ಹೆಣ್ಣುಮಕ್ಕಳಿಗೆ 121 ಗಂಡುಮಕ್ಕಳು ಹುಟ್ಟಿದರು, ಸಹಜವಾಗಿ ಇರಬೇಕಾದದ್ದು 105-106. ಆ ಹುಡುಗರಲ್ಲಿ ಬಡವರಿಗೆ ಇಂದು ಹೆಣ್ಣಿಲ್ಲ. ವಿಯೆಟ್ನಾಂ, ಮ್ಯಾನ್ಮಾರ್‌ಗಳಿಂದ ಹುಡುಗಿಯರನ್ನು ಮಾರಿ ತರುವ ದಂಧೆ ಹೀಗೆಯೇ ಬೆಳೆಯಿತು.

ಕಾವ್ಯಾ: ಇಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ಚೀನಾದಲ್ಲಿ ಹೆತ್ತವರು ಬಿಟ್ಟುಹೋಗಿ, ದತ್ತು ಬಂದವಳೇ. ಸಂತೆಯ ಬಾಗಿಲಲ್ಲಿ ಸಿಕ್ಕಳು ಎಂದಷ್ಟೇ ಅವಳ ಕಾಗದಪತ್ರದಲ್ಲಿದೆ. ಹೆತ್ತವರನ್ನು ಹುಡುಕಲು ಡಿಎನ್ಎ ಪರೀಕ್ಷೆಗೆ ಕೊಟ್ಟು ಕಾಯುತ್ತಿದ್ದಾಳೆ. 1992ರಿಂದ ಚೀನಾದಿಂದ ಹೊರದೇಶಗಳಿಗೆ ದತ್ತು ಹೋದ ಮಕ್ಕಳು 1,60,000ಕ್ಕೂ ಹೆಚ್ಚಂತೆ, 2024ರಲ್ಲಿ ಹಾಗೆ ಕೊಡುವುದನ್ನು ನಿಲ್ಲಿಸಿದರು.

ವೀಣಾ: ಊರಲ್ಲೇ ಉಳಿದು ಲೆಕ್ಕಕ್ಕೆ ಸೇರದವರೂ ಇದ್ದರು ಕಾವ್ಯಾ. 2010ರ ಜನಗಣತಿಯಲ್ಲಿ 1.3 ಕೋಟಿ ಜನರಿಗೆ ಹುಕೌ, ಅಂದರೆ ಮನೆತನದ ನೋಂದಣಿ, ಇರಲಿಲ್ಲ. ಅರ್ಧಕ್ಕಿಂತ ಹೆಚ್ಚಿನವರು ನಿಯಮ ಮೀರಿ ಹುಟ್ಟಿದವರು. ಅದಿಲ್ಲದೆ ಶಾಲೆಯಿಲ್ಲ, ರೈಲು ಟಿಕೆಟ್ ಇಲ್ಲ, ಮದುವೆಯ ನೋಂದಣಿಯೂ ಇಲ್ಲ. ಇನ್ನು, ಇದ್ದ ಒಂದು ಮಗುವನ್ನೂ ಕಳೆದುಕೊಂಡ ತಂದೆತಾಯಿಯರನ್ನು ಅಲ್ಲಿ ‘ಶಿದು’ ಎನ್ನುತ್ತಾರೆ. 2008ರ ಮೇ 12ರಂದು ಸಿಚುವಾನ್ ಭೂಕಂಪದಲ್ಲಿ ಶಾಲೆಗಳು ಕುಸಿದಾಗ ಎಷ್ಟೋ ಮನೆಗಳಲ್ಲಿ ಪೂರ್ತಿ ದೀಪವಾರಿತು. ಇನ್ನೊಂದು ಮಗುವಿಗೆ ಅನುಮತಿಯೇನೋ ಸಿಕ್ಕಿತು, ಆದರೆ ನಲವತ್ತೈದು ದಾಟಿದ, ಶಸ್ತ್ರಚಿಕಿತ್ಸೆಯಾಗಿದ್ದ ತಾಯಿ ಅದನ್ನು ಏನು ಮಾಡಬೇಕು?

ಶ್ರೀಪಾದ: ದುಃಖದ ವಿಷಯ, ನಾನು ಕಲ್ಲಲ್ಲ. ಒಂದು ಮಗು ತೀರಾ ಹೆಚ್ಚಾಯಿತು ಎನ್ನೋಣ. ಎರಡು ಎಂದು ಮಿತಿ ಹಾಕಿದ್ದರೆ?

ವೀಣಾ: ಅದನ್ನು ಅವರೇ ಪರೀಕ್ಷಿಸಿದ್ದಾರೆ ಚಿಕ್ಕಪ್ಪ. ಶಾನ್‌ಶಿ ಪ್ರಾಂತ್ಯದ ಯಿಚೆಂಗ್ ಎಂಬ ಕೌಂಟಿಯಲ್ಲಿ, ಲಿಯಾಂಗ್ ಝೊಂಗ್‌ಟಾಂಗ್ ಎಂಬ ವಿದ್ವಾಂಸರು ಹಟ ಹಿಡಿದದ್ದರಿಂದ, 1985ರಿಂದ ರೈತರಿಗೆ ಎರಡು ಮಕ್ಕಳಿಗೆ ಅವಕಾಶವಿತ್ತು. ತಡವಾಗಿ ಮದುವೆಯಾಗಬೇಕು, ಅಂತರವಿಡಬೇಕು, ಅಷ್ಟೇ. ಅಲ್ಲಿ ಜನಸಂಖ್ಯೆ ದೇಶದ ಸರಾಸರಿಗಿಂತ ನಿಧಾನವಾಗಿಯೇ ಬೆಳೆಯಿತು. ಹೆಣ್ಣು ಗಂಡಿನ ಪ್ರಮಾಣವೂ ಉಳಿದ ಕಡೆಯಷ್ಟು ಕೆಡಲಿಲ್ಲ.

ಶ್ರೀಪಾದ: ಕಣ್ಣೆದುರೇ ಇಂಥ ಫಲಿತಾಂಶವಿದ್ದರೆ 2015ರವರೆಗೆ ಏಕೆ ಸುಮ್ಮನಿದ್ದರು?

ವೀಣಾ: ಹಣ. ನಿಯಮ ಮೀರಿದವರ ದಂಡಕ್ಕೆ ‘ಸಾಮಾಜಿಕ ಪಾಲನಾ ಶುಲ್ಕ’ ಎಂದು ಹೆಸರು. 2012ರಲ್ಲಿ 24 ಪ್ರಾಂತ್ಯಗಳು ಸುಮಾರು 2,000 ಕೋಟಿ ಯುವಾನ್ ವಸೂಲಿ ಮಾಡಿದ್ದವು. ಚಿತ್ರನಿರ್ದೇಶಕ ಝಾಂಗ್ ಯಿಮೌ 2014ರಲ್ಲಿ 74.8 ಲಕ್ಷ ಯುವಾನ್ ಕಟ್ಟಿ ಪಾರಾದರು. ಅದೇ ಶಾನ್‌ಶಿಯ ಪಕ್ಕದ ಶಾಂಕ್ಸಿ ಪ್ರಾಂತ್ಯದಲ್ಲಿ 40,000 ಯುವಾನ್ ಹೊಂದಿಸಲಾಗದ ಬಡ ಹೆಂಗಸಿನ ಏಳು ತಿಂಗಳ ಗರ್ಭವನ್ನು 2012ರಲ್ಲಿ ಬಲವಂತವಾಗಿ ತೆಗೆಸಿದರು. ದಂಡವನ್ನೇ ನಂಬಿದ ಕಚೇರಿ ತಾನಾಗಿ ಬಾಗಿಲು ಮುಚ್ಚುತ್ತದೆಯೇ?

ಮಂಜು: 2016ರಿಂದ ಎರಡು, 2021ರಿಂದ ಮೂರು ಮಕ್ಕಳಿಗೆ ಅವಕಾಶ ಕೊಟ್ಟರು. ಆದರೂ 2023ರಲ್ಲಿ ಹುಟ್ಟಿದ್ದು ಬರೀ 90 ಲಕ್ಷ. ಈಗ ಗರ್ಭನಿರೋಧಕಗಳ ಮೇಲೆ ತೆರಿಗೆಯನ್ನೂ ಹಾಕಿದ್ದಾರೆ.

ಶ್ರೀಪಾದ: ದಂಡದ ವಿಷಯ ನನಗೆ ಗೊತ್ತಿರಲಿಲ್ಲ. ಆದರೆ ಜನಸಂಖ್ಯೆ ಹೊರೆಯೇ ಅಲ್ಲ ಎಂದರೆ ಒಪ್ಪಲಾರೆ. ನೀರು, ನೆಲ ಎಲ್ಲಿಂದ ತರುತ್ತೀರಿ?

ವೀಣಾ: ಹೊರೆಯಲ್ಲ ಎಂದು ನಾನು ಹೇಳಿಲ್ಲ ಚಿಕ್ಕಪ್ಪ. ಬಲವಂತವಿಲ್ಲದೆಯೂ ಇಳಿಯುತ್ತದೆ ಎನ್ನುತ್ತಿದ್ದೇನೆ. 1979ರಲ್ಲಿ ಕೇರಳದಲ್ಲಿ ಒಬ್ಬ ಮಹಿಳೆಗೆ ಸರಾಸರಿ 3.0 ಮಕ್ಕಳು, ಚೀನಾದಲ್ಲಿ 2.8. 1991ಕ್ಕೆ ಕೇರಳ 1.8ಕ್ಕೆ ಬಂತು, ಚೀನಾ 2.0ಕ್ಕೆ. ಕೇರಳದಲ್ಲಿ ಹುಡುಗಿಯರು ಶಾಲೆಗೆ ಹೋದರು, ಹುಟ್ಟಿದ ಮಕ್ಕಳು ಬದುಕಿ ಉಳಿದರು. ನಮ್ಮ ಕರ್ನಾಟಕವೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಇಳಿದಿತ್ತು. ಆ ವಿಡಿಯೊವನ್ನು ನಿಮ್ಮ ನಿವೃತ್ತರ ಗುಂಪಿಗೂ ಹಾಕಿದ್ದೀರಿ ಎಂದು ಅಪ್ಪ ಹೇಳಿದರು. ದಯವಿಟ್ಟು ಅದರ ಕೆಳಗೆ 1979ರ ಆ 2.8 ಅಂಕಿಯನ್ನೂ ಬರೆಯಿರಿ.